ಹದಿನಾರು ಉಬ್ಬಿನ ಸರಳು, ಒಂದು ಪೆಟ್ಟಿಗೆ ಪಾನಾ

ಹಳೆಯ ಶೆವರ್ಲೆ ಕಾರೊಂದು ಏರು ಬಂದರೆ ತಿಣುಕುತ್ತದೆ. ನಿಂತಲ್ಲಿ ಐಡಲ್‌ಗೆ ಬಿಟ್ಟರೆ ಮೈಯೆಲ್ಲ ನಡುಗುತ್ತದೆ. ಆಕ್ಸಲರೇಟರ್ ಒತ್ತಿದರೆ ಕಾರ್ಬ್ಯುರೇಟರ್ ಬಾಯಿಂದ ‘ಫಟ್, ಫಟ್’ ಎಂಬ ಸದ್ದು. ಮಾಲೀಕ ಮೊದಲು ಸ್ಪಾರ್ಕ್ ಪ್ಲಗ್ ಬದಲಿಸುತ್ತಾನೆ, ಆಮೇಲೆ ಪ್ಲಗ್ ವೈರು, ಅದಾದ ಮೇಲೆ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುತ್ತಾನೆ. ಯಾವುದರಿಂದಲೂ ಗುಣ ಕಾಣುವುದಿಲ್ಲ. ಕೊನೆಗೆ ಎಂಜಿನ್ನಿನ ನೆತ್ತಿಯ ಮೇಲಿನ ಎರಡೂ ತಗಡಿನ ಮುಚ್ಚಳ ತೆಗೆದು, ಎಂಜಿನ್ ತಿರುಗಿಸಿ ನೋಡಿದಾಗ ಕಾರಣ ಕಣ್ಣಿಗೆ ಬೀಳುತ್ತದೆ. ವಾಲ್ವುಗಳನ್ನು ಒತ್ತಿ ತೆರೆಯುವ ಹದಿನಾರು ರಾಕರ್‌ಗಳಲ್ಲಿ ಹದಿನೈದು ಸರಿಯಾಗಿ ಏರಿಳಿಯುತ್ತಿವೆ. ಒಂದು ಮಾತ್ರ ಇದ್ದಲ್ಲೇ ಮಿಸುಕಾಡುತ್ತಿದೆ.

ಆ ರಾಕರ್ ಎಕ್ಸಾಸ್ಟ್ ವಾಲ್ವಿನದಾಗಿದ್ದರೆ ಸುಟ್ಟ ಅನಿಲ ಹೊರಹೋಗಲು ದಾರಿಯಿಲ್ಲ. ಮರುಗಳಿಗೆ ಇನ್‌ಟೇಕ್ ವಾಲ್ವ್ ತೆರೆದಾಗ ಅದು ಪೆಟ್ರೋಲು ಬಂದ ದಾರಿಯಲ್ಲೇ ಹಿಂದಕ್ಕೆ ನುಗ್ಗುತ್ತದೆ. ಕಾರ್ಬ್ಯುರೇಟರಿನ ‘ಫಟ್’ ಅದರದೇ ಸದ್ದು. ರೋಗ ಇರುವುದು ಕೆಳಗೆ, ಎಂಜಿನ್ ಬ್ಲಾಕಿನ ಒಳಗೆ: ಕ್ಯಾಮ್‌ಶಾಫ್ಟಿನ ಒಂದು ಉಬ್ಬು ಸವೆದು ದುಂಡಗಾಗಿದೆ.

ಕ್ಯಾಮ್‌ಶಾಫ್ಟ್ ಎಂದರೆ ಉದ್ದಕ್ಕೂ ಮೊಟ್ಟೆಯಾಕಾರದ ಉಬ್ಬುಗಳಿರುವ ಕಬ್ಬಿಣದ ಸರಳು. ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು. ಒಂದೊಂದು ಉಬ್ಬೂ ಒಂದೊಂದು ವಾಲ್ವನ್ನು ಯಾವಾಗ ತೆರೆಯಬೇಕು, ಎಷ್ಟು ತೆರೆಯಬೇಕು, ಎಷ್ಟು ಹೊತ್ತು ಹಾಗೇ ಹಿಡಿದಿರಬೇಕು ಎಂಬುದನ್ನು ತೀರ್ಮಾನಿಸುತ್ತದೆ. ಶೆವರ್ಲೆಯ 350 ಘನ ಇಂಚಿನ ಎಂಜಿನ್ನಿಗೆ ಕಾರ್ಖಾನೆಯಲ್ಲಿ ಹೆಚ್ಚಾಗಿ ಹಾಕುತ್ತಿದ್ದ ಕ್ಯಾಮಿನಲ್ಲಿ ಇನ್‌ಟೇಕ್ ಉಬ್ಬಿನ ಎತ್ತರ ಸುಮಾರು 6.6 ಮಿಲಿಮೀಟರ್, ಎಕ್ಸಾಸ್ಟಿನದು ಸುಮಾರು 6.9. ರಾಕರ್ ಅದನ್ನು ಒಂದೂವರೆ ಪಟ್ಟು ಮಾಡಿ ವಾಲ್ವಿಗೆ ದಾಟಿಸುತ್ತದೆ. ಹಾಗಾಗಿ ಉಬ್ಬು 2 ಮಿಲಿಮೀಟರ್ ಸವೆದರೆ ವಾಲ್ವ್ 3 ಮಿಲಿಮೀಟರ್ ಕಡಿಮೆ ತೆರೆಯುತ್ತದೆ. ಉಬ್ಬಿನ ಮೈಮೇಲಿನ ಗಟ್ಟಿ ಪದರ ತೆಳುವಾದದ್ದು. ಅದೊಮ್ಮೆ ಹರಿದುಹೋದರೆ ಒಳಗಿನ ಮೆದು ಕಬ್ಬಿಣ ಬಹಳ ಬೇಗ ಸವೆಯುತ್ತದೆ. ಆ ಪುಡಿಯೆಲ್ಲ ಆಯಿಲ್ ಜೊತೆ ಸೇರಿ ಬೇರಿಂಗುಗಳತ್ತ ಹೊರಡುತ್ತದೆ.

ಮನೆಯಲ್ಲೇ ಕ್ಯಾಮ್‌ಶಾಫ್ಟ್ ಬದಲಿಸುವ ಮಾತು ಬಂದರೆ ಅಮೆರಿಕದ ಈ ‘ಸ್ಮಾಲ್ ಬ್ಲಾಕ್’ ವಿ-8 ಎಂಜಿನ್ನನ್ನೇ ಉದಾಹರಣೆಗೆ ತೆಗೆದುಕೊಳ್ಳುವುದು ಸರಿ. ಎಡ್ ಕೋಲ್ ನೇತೃತ್ವದ ತಂಡ ರೂಪಿಸಿದ ಇದು 1955ರ ಮಾದರಿಯ ಕಾರುಗಳಲ್ಲಿ ಬಂತು. ಅದೇ ವಂಶದ ಎಂಜಿನ್ನುಗಳ ಒಟ್ಟು ಸಂಖ್ಯೆ 2011ರಲ್ಲಿ 10 ಕೋಟಿ ಮುಟ್ಟಿತು. ಮನೆಯ ಪಕ್ಕದ ಗ್ಯಾರೇಜಿನಲ್ಲಿ ಇಷ್ಟೊಂದು ಜನ ಬಿಚ್ಚಿ ಜೋಡಿಸಿದ ಎಂಜಿನ್ ಇನ್ನೊಂದು ಸಿಗುವುದು ಕಷ್ಟ. ಬಿಡಿಭಾಗ ಅಗ್ಗ, ಎಂಜಿನ್ ಬಾನೆಟ್ ಕೆಳಗೆ ಉದ್ದಕ್ಕೆ ಕೂತಿರುವುದರಿಂದ ಕೈ ಆಡಿಸಲು ಜಾಗವಿದೆ. ಮುಂದಿನ ರೇಡಿಯೇಟರ್ ತೆಗೆದರೆ ಕ್ಯಾಮ್‌ಶಾಫ್ಟ್ ನೇರವಾಗಿ ಮುಂದಕ್ಕೆ ಹೊರಬರುತ್ತದೆ. ಎಂಜಿನ್ ಇಳಿಸುವ ಅಗತ್ಯವಿಲ್ಲ. ಅತ್ತ ಬ್ರಿಟನ್ನಿನಲ್ಲಿ ಜಾನ್ ಹೇನ್ಸ್ 1966ರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಕಾರಿನ ಮ್ಯಾನ್ಯುಯಲ್ ತಂದಾಗ ಹಿಡಿದದ್ದೂ ಮನೆಯಲ್ಲೇ ರಿಪೇರಿ ಮಾಡುವ ಇದೇ ಜಾಡನ್ನು. ಕಾರನ್ನು ನಿಜವಾಗಿ ಬಿಚ್ಚಿ, ಪ್ರತಿ ಹಂತದ ಫೋಟೊ ತೆಗೆದು ತೋರಿಸಿದರೆ ಸಾಮಾನ್ಯ ಓದುಗನೂ ಪಾನಾ ಹಿಡಿಯಬಲ್ಲ ಎಂಬ ನಂಬಿಕೆ ಅದು. ಆ ನಂಬಿಕೆ ಹುಸಿಯಾಗಲಿಲ್ಲ.

ಸಲಕರಣೆ ಎಷ್ಟು ಬೇಕು? ಜನ ಅಂದುಕೊಳ್ಳುವುದಕ್ಕಿಂತ ಕಡಿಮೆ. ಒಂದು ಸೆಟ್ ಪಾನಾ ಮತ್ತು ಸಾಕೆಟ್, ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ತಲೆಯ ಸುತ್ತಿಗೆ, ಉದ್ದ ಕಡ್ಡಿಯ ತುದಿಗೆ ಅಂಟಿಸಿದ ಅಯಸ್ಕಾಂತ, ಟಾರ್ಕ್ ರೆಂಚ್, ಇಗ್ನಿಷನ್ ಟೈಮಿಂಗ್ ನೋಡುವ ಲೈಟು, ಕೈ ಡ್ರಿಲ್ಲು. ಇವುಗಳ ಜೊತೆಗೆ ಕ್ರ್ಯಾಂಕಿನ ತುದಿಯಲ್ಲಿ ಬಿಗಿಯಾಗಿ ಕೂತ ಬ್ಯಾಲೆನ್ಸರ್ ಎಳೆಯುವ ಪುಲ್ಲರ್, ಅದನ್ನೇ ತಿರುಗಿ ಕೂರಿಸುವ ತಿರುಪಿನ ಸಾಧನ. ಈ ಎರಡನ್ನು ಕೊಳ್ಳಲೇಬೇಕೆಂದಿಲ್ಲ. ಅಮೆರಿಕದಲ್ಲಿ ಆಟೋಜೋನ್‌ನಂಥ ಬಿಡಿಭಾಗದ ಅಂಗಡಿಗಳು ಠೇವಣಿ ಕಟ್ಟಿಸಿಕೊಂಡು ಇಂಥವನ್ನು ಎರವಲು ಕೊಡುತ್ತವೆ. ಪುಲ್ಲರ್ ಸಿಗಲಿಲ್ಲವೆಂದು ಬ್ಯಾಲೆನ್ಸರಿನ ಅಂಚಿಗೆ ಸುತ್ತಿಗೆಯಿಂದ ಹೊಡೆಯುವುದು, ಕೂರಿಸುವಾಗ ಮರದ ತುಂಡಿಟ್ಟು ಜಡಿಯುವುದು ಮಾತ್ರ ಬೇಡ. ಬ್ಯಾಲೆನ್ಸರಿನಲ್ಲಿ ಎರಡು ಲೋಹಗಳ ನಡುವೆ ರಬ್ಬರ್ ಪಟ್ಟಿ ಇರುತ್ತದೆ, ಅದು ಕಿತ್ತುಬರುತ್ತದೆ. ಹೊಡೆದ ಪೆಟ್ಟು ಕ್ರ್ಯಾಂಕಿನ ಮೂಲಕ ಥ್ರಸ್ಟ್ ಬೇರಿಂಗಿಗೂ ತಗಲುತ್ತದೆ. ಸಲಕರಣೆ ಇಲ್ಲದಿದ್ದರೆ ಕೆಲಸ ನಿಲ್ಲಿಸಬೇಕಾದ ಜಾಗ ಇದು.

ಬಿಚ್ಚುವ ಮುಂಚೆ ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕಬೇಕು: ಹಳೆಯ ಕ್ಯಾಮ್ ಯಾಕೆ ಸವೆಯಿತು? ಇದನ್ನು ಕೇಳದೆ ಹೊಸದನ್ನು ಹಾಕಿದವರು ಕೆಲವೇ ತಿಂಗಳಲ್ಲಿ ಮತ್ತೆ ರೇಡಿಯೇಟರ್ ಇಳಿಸುತ್ತಾರೆ. ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದ್ದರೇ? ಯಾರಾದರೂ ಬಿಗಿ ವಾಲ್ವ್ ಸ್ಪ್ರಿಂಗ್ ಹಾಕಿದ್ದರೇ? ಹಿಂದೊಮ್ಮೆ ಕ್ಯಾಮ್ ಬದಲಿಸಿದಾಗ ಹಳೆಯ ಲಿಫ್ಟರ್‌ಗಳನ್ನೇ ಉಳಿಸಿಕೊಂಡರೇ? ಈ ಮೂರನೆಯದು ಬಹಳ ಸಾಮಾನ್ಯ, ಬಹಳ ದುಬಾರಿ.

ಯಾಕೆ ದುಬಾರಿ ಎಂಬುದಕ್ಕೆ ಲಿಫ್ಟರನ್ನು ಹತ್ತಿರದಿಂದ ನೋಡಬೇಕು. ನಮ್ಮ ಮೆಕ್ಯಾನಿಕ್‌ಗಳು ಟ್ಯಾಪೆಟ್ ಎನ್ನುವ, ಹೆಬ್ಬೆರಳಿನಷ್ಟು ದಪ್ಪದ ಲೋಹದ ತುಂಡು ಇದು. ಇದರ ತಳ ಉಬ್ಬಿನ ಮೇಲೆ ಕೂತು ಉಜ್ಜುತ್ತದೆ, ಮೇಲ್ತುದಿ ಪುಶ್‌ರಾಡ್ ಎಂಬ ಉದ್ದ ಕಡ್ಡಿಯ ಮೂಲಕ ರಾಕರನ್ನು ಎತ್ತುತ್ತದೆ. ‘ಫ್ಲಾಟ್ ಟ್ಯಾಪೆಟ್’ ಎಂಬ ಹೆಸರಿದ್ದರೂ ತಳ ಸಮತಟ್ಟಲ್ಲ. ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಕ್ಯಾಮಿನ ಉಬ್ಬೂ ಒಂದು ಬದಿಗೆ ಇಂಚಿನ ಸಾವಿರದ ಒಂದೆರಡು ಪಾಲಿನಷ್ಟು ಇಳಿಜಾರು. ಈ ಎರಡು ಸೂಕ್ಷ್ಮ ವಕ್ರತೆಗಳಿಂದಾಗಿ ಲಿಫ್ಟರ್ ಮೇಲೆ ಕೆಳಗೆ ಹೋಗುವುದರ ಜೊತೆಗೆ ತನ್ನ ಅಕ್ಷದಲ್ಲಿ ನಿಧಾನವಾಗಿ ತಿರುಗುತ್ತಲೂ ಇರುತ್ತದೆ. ತಿರುಗುವುದರಿಂದಲೇ ಸವೆತ ಒಂದೇ ಕಡೆ ಬೀಳದೆ ಇಡೀ ತಳಕ್ಕೆ ಹಂಚಿಹೋಗುತ್ತದೆ. ತಿರುಗುವುದು ನಿಂತ ಲಿಫ್ಟರ್ ತನ್ನ ಉಬ್ಬನ್ನು ಅರೆದುಹಾಕುತ್ತದೆ. ಸಾವಿರಾರು ಕಿಲೋಮೀಟರ್ ಓಡಿದ ಹಳೆಯ ಲಿಫ್ಟರ್ ತನ್ನ ಹಳೆಯ ಉಬ್ಬಿಗೆ ಒಗ್ಗಿಕೊಂಡು ತಳ ಸವೆಸಿಕೊಂಡಿರುತ್ತದೆ, ಹೊಸ ಉಬ್ಬಿನ ಮೇಲೆ ಅದು ತಿರುಗುವ ಭರವಸೆಯಿಲ್ಲ. ಆದ್ದರಿಂದ ಹೊಸ ಕ್ಯಾಮಿಗೆ ಹದಿನಾರೂ ಹೊಸ ಲಿಫ್ಟರ್ ಬೇಕೇ ಬೇಕು. ದುಡ್ಡು ಉಳಿಸುವ ಜಾಗ ಇದಲ್ಲ.

ಇನ್ನು ಬಿಚ್ಚುವ ಕೆಲಸ. ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದು, ಕೂಲಂಟ್ ಬಸಿದು, ಫ್ಯಾನು, ರೇಡಿಯೇಟರ್, ವಾಟರ್ ಪಂಪ್ ಇಳಿಸಬೇಕು. ಬಸಿದ ಕೂಲಂಟನ್ನು ಬಕೆಟ್ಟಿನಲ್ಲಿ ಬಾಯಿ ತೆರೆದಿಡಬಾರದು. ಅದರ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ. ಒಂದನೇ ಸಿಲಿಂಡರನ್ನು ಅದು ಫೈರ್ ಆಗುವ ಹಂತಕ್ಕೆ ತಂದು, ಡಿಸ್ಟ್ರಿಬ್ಯೂಟರಿನ ರೋಟರ್ ಎತ್ತ ಮುಖ ಮಾಡಿದೆ ಎಂಬುದಕ್ಕೆ ಗುರುತು ಹಾಕಿ, ಆಮೇಲೆ ಅದನ್ನು ಎತ್ತಬೇಕು. ಇನ್‌ಟೇಕ್ ಮ್ಯಾನಿಫೋಲ್ಡನ್ನು ಬಿಡಿಸುವಾಗ ಉಳಿದ ನೀರು ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಗೆ ಸುರಿದು ಆಯಿಲ್ ಜೊತೆ ಬೆರೆಯುತ್ತದೆ. ಹಾಗಾಗಿ ಆಯಿಲ್ ಎಷ್ಟೇ ಹೊಸದಿದ್ದರೂ ಬದಲಿಸಲೇಬೇಕು.

ರಾಕರ್ ಸಡಿಲಿಸಿ ಪುಶ್‌ರಾಡ್‌ಗಳನ್ನು ಒಂದೊಂದಾಗಿ ಎಳೆದು, ರಟ್ಟಿನ ಪೆಟ್ಟಿಗೆಗೆ ಹದಿನಾರು ತೂತು ಕೊರೆದು, ನಂಬರು ಬರೆದು, ಅದರಲ್ಲಿ ಸಾಲಾಗಿ ಚುಚ್ಚಿಡುವುದು ಹಳಬರ ಪದ್ಧತಿ. ದುಬಾರಿ ಸ್ಟ್ಯಾಂಡಿಗಿಂತ ಇದು ಒಂದಿಷ್ಟೂ ಕಡಿಮೆಯಲ್ಲ. ಲಿಫ್ಟರ್ ಎತ್ತುವ ಕೆಲಸ ತಾಳ್ಮೆ ಬೇಡುತ್ತದೆ. ಕೆಲವು ಅಯಸ್ಕಾಂತಕ್ಕೆ ಅಂಟಿಕೊಂಡು ಸಲೀಸಾಗಿ ಬರುತ್ತವೆ. ಕೆಲವು ಅರ್ಧ ಬಂದು ನಿಲ್ಲುತ್ತವೆ, ಯಾಕೆಂದರೆ ತಳದ ಸುತ್ತ ಸುಟ್ಟ ಆಯಿಲಿನ ಕಂದು ಅಂಟು ಗಟ್ಟಿಯಾಗಿರುತ್ತದೆ. ಅಂಥವಕ್ಕೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಕಾದು, ತಿರುಗಿಸುತ್ತ ಮೇಲೆ ಕೆಳಗೆ ಆಡಿಸಿದರೆ ಸಡಿಲವಾಗುತ್ತವೆ. ತಳವೇ ಅಣಬೆಯಂತೆ ಹರಡಿಕೊಂಡದ್ದು ಮೇಲಿನಿಂದ ಬರುವುದಿಲ್ಲ. ಅದನ್ನು ಒತ್ತಾಯದಿಂದ ಎಳೆದರೆ ಬ್ಲಾಕಿನ ರಂಧ್ರವೇ ಗೀರಿಹೋಗುತ್ತದೆ. ಮೇಲಕ್ಕೆ ಬಂದಷ್ಟು ಎತ್ತಿ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ, ಕ್ಯಾಮ್ ಹೊರಬಂದ ಮೇಲೆ ಕೆಳಗಿನಿಂದ ತೆಗೆಯುವುದು ದಾರಿ. ಆಗ ಆಯಿಲ್ ಪ್ಯಾನ್ ಇಳಿಸುವ ಕೆಲಸವೂ ಸೇರಿಕೊಳ್ಳುತ್ತದೆ.

ಬ್ಯಾಲೆನ್ಸರ್ ಎಳೆದು, ಮುಂದಿನ ಟೈಮಿಂಗ್ ಕವರ್ ತೆಗೆದರೆ ಚೈನು, ಎರಡು ಗೇರು. ಕ್ಯಾಮ್ ಗೇರನ್ನು ಹಿಡಿದಿರುವುದು ಮೂರೇ ಬೋಲ್ಟು. ಅವನ್ನು ತೆಗೆದು, ಅದೇ ತಿರುಪಿನ ಉದ್ದನೆಯ ಬೋಲ್ಟುಗಳನ್ನು ಕ್ಯಾಮಿನ ಮೂತಿಗೆ ಹಾಕಿದರೆ ಹಿಡಿದು ಎಳೆಯಲು ಹಿಡಿಕೆ ಸಿದ್ಧ. ಕ್ಯಾಮ್ ಐದು ಬೇರಿಂಗುಗಳ ಮೂಲಕ ಹಾದು ಬರಬೇಕು. ಆ ಬೇರಿಂಗಿನ ಲೋಹ ಉಗುರಿನಿಂದ ಗೀರಿದರೂ ಗುರುತು ಬೀಳುವಷ್ಟು ಮೆದು. ಉಬ್ಬಿನ ಅಂಚೋ ಚೂಪು. ಹಿಂಭಾಗ ಜೋತುಬೀಳದಂತೆ ಒಂದು ಕೈ ಮೂತಿಯಲ್ಲಿ, ಇನ್ನೊಂದು ಕೈ ಕಣಿವೆಯ ಮೂಲಕ ಕ್ಯಾಮಿನ ಕೆಳಗೆ. ಒಂದು ಇಂಚು ಎಳೆಯುವುದು, ತುಸು ತಿರುಗಿಸುವುದು, ಮತ್ತೆ ಎಳೆಯುವುದು. ಎಲ್ಲೋ ತಡೆದಂತಾದರೆ ಬಲ ಹಾಕಬಾರದು. ಈ ಎಂಜಿನ್ನಿನಲ್ಲಿ ಪೆಟ್ರೋಲ್ ಪಂಪನ್ನು ಒತ್ತುವ ಪುಟ್ಟ ಸರಳೊಂದು ಕ್ಯಾಮಿನ ಮೇಲೇ ಕೂತಿರುತ್ತದೆ. ಪಂಪ್ ಬಿಚ್ಚಿ ಅದನ್ನು ಹೊರತೆಗೆಯಲು ಮರೆತವರಿಗೆ ಕ್ಯಾಮ್ ಅಲ್ಲೇ ಅಡ್ಡಗಟ್ಟುತ್ತದೆ.

ಹೊಸ ಕ್ಯಾಮಿನ ಉಬ್ಬುಗಳಿಗೆ, ಲಿಫ್ಟರಿನ ತಳಕ್ಕೆ ಮಾಲಿಬ್ಡಿನಮ್ ಬೆರೆತ ಕಪ್ಪು ಪೇಸ್ಟನ್ನು ದಪ್ಪಗೆ ಬಳಿಯಬೇಕು. ಬೇರಿಂಗಿನಲ್ಲಿ ಕೂರುವ ಭಾಗಗಳಿಗೆ ಬರೀ ಆಯಿಲ್ ಸಾಕು. ಬಳಿಯುವ ಮುಂಚೆ ಹೊಸ ಭಾಗಗಳನ್ನು ಕಾರ್ಖಾನೆಯ ತುಕ್ಕುನಿರೋಧಕ ಹೋಗುವಂತೆ ತೊಳೆದಿರಬೇಕು, ಕೈಯೂ ಚೊಕ್ಕವಿರಬೇಕು.

ಚೈನು ಕೂರಿಸುವಾಗ ಎರಡು ಗೇರುಗಳ ಚುಕ್ಕೆಗಳು ಒಂದಕ್ಕೊಂದು ಎದುರಾಗಬೇಕು: ಮೇಲಿನ ಗೇರಿನ ಚುಕ್ಕೆ ಗಡಿಯಾರದ ಆರು ಗಂಟೆಯ ಜಾಗದಲ್ಲಿ, ಕೆಳಗಿನದು ಹನ್ನೆರಡರಲ್ಲಿ. ಇದು ಎಲ್ಲ ಪುಸ್ತಕದಲ್ಲೂ ಇದೆ. ಆದರೆ ಚುಕ್ಕೆಗಳು ಹೀಗೆ ನಿಂತಾಗ ಫೈರ್ ಆಗಲು ಸಿದ್ಧವಾಗಿರುವುದು ಆರನೇ ಸಿಲಿಂಡರ್, ಒಂದನೆಯದಲ್ಲ. ಈ ಎಂಜಿನ್ನಿನ ಫೈರಿಂಗ್ ಕ್ರಮ 1-8-4-3-6-5-7-2. ಒಂದಕ್ಕೂ ಆರಕ್ಕೂ ನಡುವೆ ಕ್ರ್ಯಾಂಕಿನ ಪೂರ್ತಿ ಒಂದು ಸುತ್ತು. ಚುಕ್ಕೆ ಎದುರಾಯಿತೆಂದು ಡಿಸ್ಟ್ರಿಬ್ಯೂಟರನ್ನು ಒಂದನೇ ಸಿಲಿಂಡರಿಗೆ ಹೊಂದಿಸಿಬಿಟ್ಟರೆ ಅದು ತಿರುಗುಮುರುಗಾಗಿ ಕೂರುತ್ತದೆ. ಎಂಜಿನ್ ಸ್ಟಾರ್ಟ್ ಆಗದೆ ಕಾರ್ಬ್ಯುರೇಟರಿನಿಂದ ಬೆಂಕಿ ಉಗುಳುತ್ತದೆ. ಕ್ರ್ಯಾಂಕನ್ನು ಇನ್ನೊಂದು ಸುತ್ತು ತಿರುಗಿಸಿ, ಕ್ಯಾಮ್ ಗೇರಿನ ಚುಕ್ಕೆ ಹನ್ನೆರಡಕ್ಕೆ ಬಂದಾಗ ಡಿಸ್ಟ್ರಿಬ್ಯೂಟರ್ ಇಳಿಸಿದರೆ ಸರಿ. ಸ್ಟಾರ್ಟರ್ ಹೊಡೆಯುತ್ತ ನಿಂತರೆ ಪೇಸ್ಟೆಲ್ಲ ಒರೆಸಿಹೋಗುವುದರಿಂದ, ಸಣ್ಣದೆನಿಸುವ ಈ ಎಡವಟ್ಟು ಹೊಸ ಕ್ಯಾಮಿನ ಆಯುಸ್ಸನ್ನೇ ತಿನ್ನುತ್ತದೆ.

ಹೈಡ್ರಾಲಿಕ್ ಲಿಫ್ಟರ್ ಆದ್ದರಿಂದ ವಾಲ್ವ್ ಹೊಂದಿಸಲು ಫೀಲರ್ ಗೇಜ್ ಬೇಡ. ಲಿಫ್ಟರ್ ಉಬ್ಬಿನ ತಗ್ಗಿನಲ್ಲಿರುವಾಗ ಪುಶ್‌ರಾಡನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸುತ್ತ ರಾಕರ್ ನಟ್ಟು ಬಿಗಿಮಾಡುತ್ತ ಹೋಗಬೇಕು. ಸಡಿಲ ಮಾಯವಾದ ಆ ಕ್ಷಣದಿಂದ ಅರ್ಧ ಸುತ್ತಿನಿಂದ ಒಂದು ಸುತ್ತು, ಅಷ್ಟೇ.

ಕವರುಗಳನ್ನು ಮುಚ್ಚಿ ಹೊಸ ಆಯಿಲ್, ಫಿಲ್ಟರ್ ಹಾಕಿದ ಕೂಡಲೇ ಕೀಲಿ ತಿರುಗಿಸುವ ಆಸೆಯಾಗುತ್ತದೆ. ತಡೆಯಬೇಕು. ಈ ಎಂಜಿನ್ನಿನ ಆಯಿಲ್ ಪಂಪನ್ನು ತಿರುಗಿಸುವುದು ಡಿಸ್ಟ್ರಿಬ್ಯೂಟರಿನ ತುದಿ. ಹಾಗಾಗಿ ಕಾರಿನ ಡಿಸ್ಟ್ರಿಬ್ಯೂಟರ್ ಇಳಿಸುವ ಮೊದಲೇ, ಗುಜರಿಯಲ್ಲಿ ಸಿಕ್ಕ ಹಳೆಯ ಡಿಸ್ಟ್ರಿಬ್ಯೂಟರಿನ ಗೇರು ತೆಗೆದು, ಅದರ ಶಾಫ್ಟನ್ನು ಕೈ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸಿದರೆ ಎಂಜಿನ್ ಓಡದೆಯೇ ಪಂಪ್ ಓಡುತ್ತದೆ. ಮೊದಲು ಡ್ರಿಲ್ಲು ಹಗುರವಾಗಿ ತಿರುಗುತ್ತದೆ, ಒತ್ತಡ ಏರಿದ ಕೂಡಲೇ ಭಾರವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ, ನಡುನಡುವೆ ಕ್ರ್ಯಾಂಕ್ ತಿರುಗಿಸುತ್ತಿದ್ದರೆ, ಹದಿನಾರೂ ರಾಕರುಗಳ ತೂತಿನಿಂದ ಆಯಿಲ್ ಜಿನುಗತೊಡಗುತ್ತದೆ. ಹಳೆಯ ಕ್ಯಾಮಿಗೆ ಆಯಿಲ್ ಕೊರತೆಯೇ ಮೃತ್ಯುವಾಗಿದ್ದರೆ ಅದು ಗೊತ್ತಾಗುವುದೂ ಇಲ್ಲೇ.

ಆಮೇಲೆ ಮೊದಲ ಅರ್ಧ ಗಂಟೆ. ಕ್ಯಾಮಿನ ಬಾಳು ಗಟ್ಟಿಯಾಗುವುದು ಅಥವಾ ಮುಗಿಯುವುದು ಅಲ್ಲಿಯೇ. ಎಂಜಿನ್ ಹೊತ್ತಿದ ತಕ್ಷಣ 2000 ಆರ್‌ಪಿಎಂಗೆ ಏರಿಸಿ, 2000ದಿಂದ 2500ರ ನಡುವೆ ಏರಿಸುತ್ತ ಇಳಿಸುತ್ತ 20ರಿಂದ 30 ನಿಮಿಷ ಓಡಿಸಬೇಕು. ಐಡಲ್‌ಗೆ ಬಿಡಲೇಬಾರದು. ಉಬ್ಬುಗಳಿಗೆ ಆಯಿಲ್ ಮುಖ್ಯವಾಗಿ ಸಿಗುವುದು ಕ್ರ್ಯಾಂಕ್ ಎರಚಿದ್ದರಿಂದ. ನಿಧಾನ ತಿರುಗಿದರೆ ಎರಚಲು ಕಡಿಮೆ, ಉಬ್ಬಿನ ತುದಿಯ ಮೇಲೆ ಸ್ಪ್ರಿಂಗಿನ ಭಾರ ಹೆಚ್ಚು. ಎಲ್ಲಾದರೂ ನೀರು, ಪೆಟ್ರೋಲು ಸೋರಿದರೆ ಆಫ್ ಮಾಡಿ, ಸರಿಪಡಿಸಿ, ಉಳಿದ ನಿಮಿಷ ಮುಗಿಸಬೇಕು. ಪುಶ್‌ರಾಡಿಗೆ ಮೊದಲೇ ಶಾಯಿಯ ಗೆರೆ ಎಳೆದಿದ್ದರೆ, ಅದು ತಿರುಗುತ್ತಿದೆಯೋ ಇಲ್ಲವೋ ನೋಡಿ ಕೆಳಗಿನ ಲಿಫ್ಟರಿನ ಸ್ಥಿತಿ ಹೇಳಬಹುದು. ಈ ಕೆಲಸ ಬಯಲಲ್ಲೇ ಆಗಬೇಕು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಇಷ್ಟು ಹೊತ್ತು ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ.

ಇಲ್ಲಿ ಆಯಿಲಿನ ಡಬ್ಬಿಯ ಮೇಲಿನ ಅಕ್ಷರಗಳಿಗೂ ಬೆಲೆಯಿದೆ. ಉಜ್ಜುವ ಲೋಹಗಳ ನಡುವೆ ರಕ್ಷಾಪದರ ಕಟ್ಟುವುದು ಸತು ಮತ್ತು ರಂಜಕ ಇರುವ ‘ಜಡ್‌ಡಿಡಿಪಿ’ ಎಂಬ ರಾಸಾಯನಿಕ. ಆದರೆ ರಂಜಕ ಹೊಗೆಯ ಜೊತೆ ಹೋಗಿ, ಆ ಹೊಗೆಯನ್ನು ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಅದಕ್ಕಾಗಿ 2004ರಲ್ಲಿ ಬಂದ, ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐಯ ‘ಎಸ್‌ಎಂ’ ದರ್ಜೆಯಲ್ಲಿ, 10ಡಬ್ಲ್ಯು-30ರಂಥ ತೆಳು ಆಯಿಲುಗಳ ರಂಜಕದ ಮಿತಿಯನ್ನು ಶೇ 0.10ರಿಂದ 0.08ಕ್ಕೆ ಇಳಿಸಲಾಯಿತು. ಉರುಳೆ ಇರುವ ರೋಲರ್ ಲಿಫ್ಟರಿನ ಎಂಜಿನ್ನುಗಳಿಗೆ ಇದರಿಂದ ತೊಂದರೆಯಿಲ್ಲ. ಶೆವರ್ಲೆಯೇ 1987ರಲ್ಲಿ ಕಾರುಗಳ ಸ್ಮಾಲ್ ಬ್ಲಾಕಿಗೆ ರೋಲರ್ ತಂದಿತ್ತು. ಹಳೆಯ ಫ್ಲಾಟ್ ಟ್ಯಾಪೆಟ್‌ಗಳಿಗೆ ಮಾತ್ರ, ಅದರಲ್ಲೂ ಹೊಸ ಕ್ಯಾಮಿನ ಮೊದಲ ಓಟಕ್ಕೆ, ಸತು ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಹಾಕುವುದು ಕ್ಷೇಮ. ಆ ಅರ್ಧ ಗಂಟೆ ಮುಗಿದ ಮೇಲೆ ಅದನ್ನು ಬಸಿದು, ಫಿಲ್ಟರನ್ನು ಕತ್ತರಿಸಿ ಮಡಿಕೆ ಬಿಡಿಸಿ ನೋಡಬೇಕು. ಬೂದುಬಣ್ಣದ ಪೇಸ್ಟ್ ಕಂಡರೆ ಸಹಜ, ಮಿನುಗುವ ಲೋಹದ ಚೂರು ಕಂಡರೆ ಅಲ್ಲಿಗೇ ನಿಲ್ಲಿಸಬೇಕು.

ನಮ್ಮಲ್ಲಿ? 2014ರ ಮೇ ತಿಂಗಳವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರ್ ಕಾರಿನಲ್ಲಿ ದಶಕಗಟ್ಟಲೆ ಇದ್ದ 1489 ಸಿಸಿಯ ಪೆಟ್ರೋಲ್ ಎಂಜಿನ್ ಇದೇ ಜಾತಿಯದು: ಬ್ಲಾಕಿನೊಳಗೆ ಕ್ಯಾಮ್, ಮೇಲಕ್ಕೆ ಪುಶ್‌ರಾಡ್. ಉಬ್ಬು ಎಂಟೇ, ಎಂಜಿನ್ ಪಕ್ಕದ ತಗಡಿನ ಮುಚ್ಚಳ ತೆಗೆದರೆ ಟ್ಯಾಪೆಟ್‌ಗಳು ಕೈಗೆ ಸಿಗುತ್ತವೆ. ಪ್ರೀಮಿಯರ್ ಪದ್ಮಿನಿಯದೂ ಬ್ಲಾಕಿನೊಳಗಿನ ಕ್ಯಾಮೇ. ಇಂಥ ಕಾರನ್ನು ಜತನವಾಗಿಟ್ಟುಕೊಂಡವರು ರಾಜ್ಯದಲ್ಲಿ ಇನ್ನೂ ಇದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಗಳಲ್ಲಿ ಬಿಡಿಭಾಗ ಹುಡುಕುವಾಗ ಅವರು ನೆನಪಿಡಬೇಕಾದದ್ದು ಇಷ್ಟು: ಹಳೆಯ ಎಂಜಿನ್ನಿನಿಂದ ಕಿತ್ತ ಕ್ಯಾಮನ್ನು ಅದರದೇ ಟ್ಯಾಪೆಟ್‌ಗಳಿಲ್ಲದೆ, ಅವೂ ಅದೇ ಕ್ರಮದಲ್ಲಿಲ್ಲದೆ, ಕೊಳ್ಳಬಾರದು.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ದಾರಿ ಬೇರೆ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಕ್ಯಾಮ್ ಇರುವುದು ಮೇಲೆ, ಹೆಡ್ಡಿನಲ್ಲಿ. ತಿರುಗಿಸುವುದು ರಬ್ಬರ್ ಬೆಲ್ಟು. ಲಿಫ್ಟರೂ ಇಲ್ಲ, ಪುಶ್‌ರಾಡೂ ಇಲ್ಲ. ರಾಕರೇ ಉಬ್ಬನ್ನು ಮುಟ್ಟುತ್ತದೆ. ಹಾಗಾಗಿ ಉಬ್ಬು ಗೀರಿದ್ದರೆ ಆ ರಾಕರಿನ ಮುಖವನ್ನೂ ನೋಡಿ, ಸವೆದಿದ್ದರೆ ಬದಲಿಸಬೇಕು. ಇನ್ನೂ ಹೊಸ ಕಾರುಗಳಲ್ಲಿ ಎರಡೆರಡು ಕ್ಯಾಮ್. ಅವನ್ನು ಹಿಡಿದಿರುವ ಕ್ಯಾಪುಗಳನ್ನು ಕಂಪನಿ ಹೇಳಿದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸದಿದ್ದರೆ ಸ್ಪ್ರಿಂಗಿನ ಒತ್ತಡಕ್ಕೆ ಕ್ಯಾಮ್ ತುಂಡಾಗಬಹುದು. ಅನೇಕ ಎಂಜಿನ್ನುಗಳಲ್ಲಿ ಟೈಮಿಂಗ್ ಒಂದೆರಡು ಹಲ್ಲು ತಪ್ಪಿದರೂ ಪಿಸ್ಟನ್ ಬಡಿದು ವಾಲ್ವ್ ಬಾಗಬಹುದು. ಕ್ಯಾಮ್‌ಗಳನ್ನು ಅಲುಗಾಡದಂತೆ ಹಿಡಿಯುವ ಲಾಕಿಂಗ್ ಟೂಲ್ ಮತ್ತು ಆ ಎಂಜಿನ್ನಿನದೇ ಸರ್ವಿಸ್ ಮ್ಯಾನ್ಯುಯಲ್ ಇಲ್ಲದೆ ಈ ಕಾರುಗಳ ಕ್ಯಾಮ್ ಕೆಲಸವನ್ನು ಮನೆಯಲ್ಲಿ ಮಾಡುವುದು ತರವಲ್ಲ.

ಕೈಯಾರೆ ಕಲಿಯುವ ಆಸೆ ಇರುವವರು ನೇರವಾಗಿ ಕ್ಯಾಮಿಗೆ ಕೈ ಹಾಕುವುದು ಬೇಡ. ಹಳೆಯ ಮಾರುತಿ 800 ಸಿಕ್ಕರೆ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ವಾಲ್ವ್ ಕವರ್ ತೆಗೆದು, ಮ್ಯಾನ್ಯುಯಲ್ಲಿನ ಅಳತೆ ಹಿಡಿದು ಫೀಲರ್ ಗೇಜಿನಿಂದ ರಾಕರಿಗೂ ವಾಲ್ವಿಗೂ ನಡುವಿನ ಅಂತರ ಹೊಂದಿಸುವುದನ್ನು ಮೊದಲು ಕಲಿಯಲಿ. ಅದಕ್ಕೆ ಬೇಕಾದದ್ದು ಒಂದು ರಿಂಗ್ ಪಾನಾ, ಒಂದು ಸ್ಕ್ರೂಡ್ರೈವರ್, ಒಂದು ಗೇಜು ಮತ್ತು ಹೊಸ ಕವರ್ ಗ್ಯಾಸ್ಕೆಟ್. ಕವರ್ ತೆಗೆದಾಗ ಉಬ್ಬುಗಳ ಮೈಯನ್ನೂ ಟಾರ್ಚು ಹಿಡಿದು ನೋಡಲಿ. ಗೀರು, ಗುಳಿ ಕಂಡರೆ ಹೊಸ ಕ್ಯಾಮ್ ತರುವ ಮೊದಲು ಆಯಿಲ್ ಪ್ರೆಶರ್ ಪರೀಕ್ಷೆ ಮಾಡಿಸಲಿ.